ಎಸ್‌ಎಸ್‌ಐಎಸ್ ಪ್ಯಾಕೇಜ್‌ಗಳನ್ನು ಹೊಸ ಸರ್ವರ್‌ಗೆ ಸಾಗಿಸಿದ ಮೇಲೆ: ವಿಷುವಲ್ ಸ್ಟುಡಿಯೋದಲ್ಲಿ ಓಡುತ್ತವೆ, ಜಾಬ್‌ನಲ್ಲಿ ಕೈಕೊಡುತ್ತವೆ

ಸಾಲುಕಂಬ

ಎಸ್‌ಕ್ಯುಎಲ್ ಸರ್ವರ್ 2008 ಆರ್2 ಇದ್ದ ಯಂತ್ರದಿಂದ 2019 ಇರುವ ಹೊಸ ಯಂತ್ರಕ್ಕೆ ಎಸ್‌ಎಸ್‌ಐಎಸ್ ಪ್ಯಾಕೇಜ್‌ಗಳನ್ನು (ಡೇಟಾವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವ, ಎಸ್‌ಕ್ಯುಎಲ್ ಸರ್ವರ್ ಇಂಟಿಗ್ರೇಶನ್ ಸರ್ವಿಸಸ್‌ನ ಪ್ರೋಗ್ರಾಂಗಳನ್ನು) ಸಾಗಿಸುತ್ತಿದ್ದೇವೆ. ಎಲ್ಲವೂ ಹಳೆಯ ಪ್ಯಾಕೇಜ್ ಡಿಪ್ಲಾಯ್‌ಮೆಂಟ್ ಮಾದರಿಯವು. ಡಿಟಿಎಸ್‌ಎಕ್ಸ್ ಫೈಲ್‌ಗಳು (ಪ್ಯಾಕೇಜ್‌ಗಳೇ ಅವು) ಒಂದು ಫೋಲ್ಡರಿನಲ್ಲಿವೆ, ಸರ್ವರ್ ಹೆಸರು ಮುಂತಾದವು ಎಕ್ಸ್‌ಎಂಎಲ್ ಕಾನ್ಫಿಗರೇಶನ್ ಫೈಲ್‌ನಲ್ಲಿವೆ, ಓಡಿಸುವುದು ಏಜೆಂಟ್ (ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಸರ್ವಿಸ್) ಜಾಬ್. ಡೇಟಾಬೇಸ್‌ಗಳನ್ನು ಬ್ಯಾಕಪ್‌ನಿಂದ ರಿಸ್ಟೋರ್ ಮಾಡಲಾಗಿದೆ. ವಿಷುವಲ್ ಸ್ಟುಡಿಯೋ 2019ರಲ್ಲಿ ತೆರೆದು ಓಡಿಸಿದರೆ ತೊಂದರೆಯಿಲ್ಲ. ಜಾಬ್‌ನಲ್ಲಿ ಮಾತ್ರ ಮೂರು ಬಗೆಯ ತೊಂದರೆ:

ಅ) ಕೆಲವು ಪ್ಯಾಕೇಜ್‌ಗಳು ಲಾಗಿನ್ ಫೇಲ್ಡ್, 18456 ಎಂದು ನಿಲ್ಲುತ್ತವೆ.
ಆ) ಎಕ್ಸೆಲ್ ಫೈಲ್ ಓದುವವು ಕ್ಲಾಸ್ ನಾಟ್ ರಿಜಿಸ್ಟರ್ಡ್, 80040154 ಎನ್ನುತ್ತವೆ.
ಇ) ಉಳಿದವು ಯಶಸ್ವಿ ಎಂದೇ ತೋರಿಸುತ್ತವೆ, ಆದರೆ ಹೊಸ ಡೇಟಾಬೇಸ್‌ಗೆ ಒಂದು ಸಾಲೂ ಬಂದಿಲ್ಲ.

ಕಾನ್ಫಿಗರೇಶನ್ ಫೈಲ್‌ನಲ್ಲಿ ಹೊಸ ಸರ್ವರ್ ಹೆಸರನ್ನೇ ಹಾಕಿದ್ದೇವೆ. ಎಲ್ಲಿಂದ ಹುಡುಕಲು ಶುರು ಮಾಡಬೇಕು? (ಎರರ್ ಕೋಡ್‌ಗಳ ಮುಂದಿನ ಸೊನ್ನೆ-ಎಕ್ಸ್ ಬಿಟ್ಟು ಬರೆದಿದ್ದೇನೆ.)

ಕೀಲಿಕೈ

‘ಇ’ಯಿಂದಲೇ ಶುರು ಮಾಡಿ. ನಿಂತುಹೋಗುವ ಪ್ಯಾಕೇಜ್ ಯಾವ ಹಾನಿಯನ್ನೂ ಮಾಡುವುದಿಲ್ಲ. ಯಶಸ್ವಿಯಾಗಿ ಓಡಿ ಬೇರೆಲ್ಲೋ ಬರೆಯುವುದು ಮಾಡುತ್ತದೆ. ನಿಮ್ಮ ಸಾಲುಗಳು ಹೆಚ್ಚುಕಮ್ಮಿ ಖಂಡಿತವಾಗಿ ಹಳೆಯ ಸರ್ವರ್‌ನಲ್ಲಿ ಬಿದ್ದಿವೆ. ಬೇರೆ ಏನನ್ನು ಮುಟ್ಟುವ ಮೊದಲು ಆ ಜಾಬ್‌ಗಳನ್ನು ನಿಷ್ಕ್ರಿಯಗೊಳಿಸಿ.

ಕಾರಣ ಹೀಗಿದೆ. ಪ್ಯಾಕೇಜ್ ಡಿಪ್ಲಾಯ್‌ಮೆಂಟ್ ಮಾದರಿಯಲ್ಲಿ ಕಾನ್ಫಿಗರೇಶನ್ ಸಿಗದಿದ್ದರೆ ಅದು ಎರರ್ ಅಲ್ಲ, ಬರೀ ವಾರ್ನಿಂಗ್. ಪ್ಯಾಕೇಜ್ ಬರೆದಾಗ ಕನೆಕ್ಷನ್ ಮ್ಯಾನೇಜರ್‌ನಲ್ಲಿ ಉಳಿದಿದ್ದ ಮೌಲ್ಯವನ್ನೇ ಹಿಡಿದು ಅದು ಮುಂದೆ ಹೋಗುತ್ತದೆ. ಆ ಮೌಲ್ಯ ಹಳೆಯ ಸರ್ವರ್ ಆಗಿದ್ದು, ವಿಂಡೋಸ್ ಅಥೆಂಟಿಕೇಶನ್ ಇದ್ದು, ಏಜೆಂಟ್ ಖಾತೆಗೆ ಅಲ್ಲಿ ಅನುಮತಿಯೂ ಇದ್ದರೆ ಯಾರೂ ತಡೆಯುವುದಿಲ್ಲ.

ವಾರ್ನಿಂಗ್ ಯಾಕೆ ಕಾಣಲಿಲ್ಲ ಅಂದರೆ, ಏಜೆಂಟ್ ತಾನೇ ತಯಾರಿಸುವ ಆದೇಶದಲ್ಲಿ ರಿಪೋರ್ಟಿಂಗ್ ಆಯ್ಕೆ ಇಂಗ್ಲಿಷ್ ಅಕ್ಷರ ‘ಇ’ ಎಂದಿರುತ್ತದೆ, ಅಂದರೆ ಎರರ್ ಮಾತ್ರ. ಜಾಬ್ ಸ್ಟೆಪ್ ತೆರೆದು ಕಮಾಂಡ್ ಲೈನ್ ಟ್ಯಾಬ್‌ಗೆ ಹೋಗಿ, ಆದೇಶವನ್ನು ಕೈಯಿಂದ ತಿದ್ದುವ ಆಯ್ಕೆ ಒತ್ತಿ, ‘ಇ’ ಇರುವಲ್ಲಿ ‘ಇಡಬ್ಲ್ಯು’ ಮಾಡಿ. ಅಡ್ವಾನ್ಸ್ಡ್ ಪುಟದಲ್ಲಿ ಔಟ್‌ಪುಟ್ ಫೈಲ್ ಒಂದನ್ನೂ ಕೊಡಿ. ಜಾಬ್ ಹಿಸ್ಟರಿಯಲ್ಲಿ ಉದ್ದದ ಸಂದೇಶದ ಬಾಲ ಕತ್ತರಿಸಿಹೋಗುತ್ತದೆ, ನಮಗೆ ಬೇಕಾದ ಸಾಲು ಹಲವು ಸಲ ಆ ಬಾಲದಲ್ಲೇ ಇರುತ್ತದೆ.

ಬರೆಯುವ ಪ್ಯಾಕೇಜನ್ನು ಹೀಗೆ ಪರೀಕ್ಷೆಗಾಗಿ ಓಡಿಸಬೇಡಿ. ಪ್ಯಾಕೇಜ್ ಓಡಿಸುವ ಕಮಾಂಡ್ ಲೈನ್ ಪ್ರೋಗ್ರಾಂ ಡಿಟಿಎಕ್ಸೆಕ್‌ಗೆ ವ್ಯಾಲಿಡೇಟ್ ಆಯ್ಕೆ ಕೊಟ್ಟರೆ ಕಾನ್ಫಿಗರೇಶನ್ ಓದಿ, ಸಂಪರ್ಕಗಳನ್ನು ಪರಿಶೀಲಿಸಿ, ಡೇಟಾ ಮುಟ್ಟದೆ ನಿಲ್ಲುತ್ತದೆ.

ಸಾಲುಕಂಬ

ಜಾಬ್‌ಗಳನ್ನು ನಿಲ್ಲಿಸಿದೆವು. ನೀವು ಹೇಳಿದಂತೆ ಮಾಡಿದಾಗ ಈಗ ಎರಡು ವಾರ್ನಿಂಗ್ ಕಾಣುತ್ತಿವೆ: 80012014, ಕಾನ್ಫಿಗರೇಶನ್ ಫೈಲ್ ಸಿಗಲಿಲ್ಲ. ಅದರ ಹಿಂದೆಯೇ 80012059, ಕನಿಷ್ಠ ಒಂದು ಕಾನ್ಫಿಗರೇಶನ್ ಲೋಡ್ ಆಗಲಿಲ್ಲ. ಸಂದೇಶದಲ್ಲಿರುವ ಹಾದಿ ‘ಡಿ’ ಡ್ರೈವ್‌ನದು. ಹೊಸ ಯಂತ್ರದಲ್ಲಿ ಫೈಲ್ ಇರುವುದು ‘ಇ’ ಡ್ರೈವ್‌ನಲ್ಲಿ. ಆದರೆ ಒಂದು ಪ್ಯಾಕೇಜ್ ಮಾತ್ರ ಈಗಲೂ ಏನನ್ನೂ ಹೇಳದೆ ಹಳೆಯ ಸರ್ವರನ್ನೇ ಹುಡುಕಿಕೊಂಡು ಹೋಗುತ್ತದೆ.

ಕೊಂಡಿ

ಆ ಒಂದು ಪ್ಯಾಕೇಜಿನ ಪ್ರಾಪರ್ಟಿಗಳಲ್ಲಿ ಸಪ್ರೆಸ್ ಕಾನ್ಫಿಗರೇಶನ್ ವಾರ್ನಿಂಗ್ಸ್ ಏನಿದೆ ನೋಡಿ. ‘ಟ್ರೂ’ ಆಗಿದ್ದರೆ ಅದೇ ಉತ್ತರ.

ಕೀಲಿಕೈ

ಡಿಟಿಎಸ್‌ಎಕ್ಸ್ ಎಂದರೆ ಎಕ್ಸ್‌ಎಂಎಲ್ ಪಠ್ಯವೇ. ಇಡೀ ಫೋಲ್ಡರಿನಲ್ಲಿ ‘ಕಾನ್ಫಿಗರೇಶನ್‌ಸ್ಟ್ರಿಂಗ್’ ಎಂಬ ಗುಣವನ್ನು ಹುಡುಕಿದರೆ ಪ್ರತಿ ಪ್ಯಾಕೇಜ್ ಯಾವ ಹಾದಿಯನ್ನು ನಂಬಿಕೊಂಡಿದೆ ಎಂಬ ಪಟ್ಟಿ ಸಿಗುತ್ತದೆ. ಕೆಲವಕ್ಕೆ ಪೂರ್ತಿ ಹಾದಿ ಇರುತ್ತದೆ, ಕೆಲವಕ್ಕೆ ಬರೀ ಫೈಲ್ ಹೆಸರು. ಬರೀ ಹೆಸರಿದ್ದರೆ, ಪ್ಯಾಕೇಜನ್ನು ಓಡಿಸುವ ಪ್ರೋಗ್ರಾಂ ಆ ಹೊತ್ತಿಗೆ ಯಾವ ಫೋಲ್ಡರಿನಲ್ಲಿ ಕೆಲಸ ಮಾಡುತ್ತಿದೆಯೋ ಅಲ್ಲಿ ಹುಡುಕಾಟ ನಡೆಯುತ್ತದೆ. ವಿಷುವಲ್ ಸ್ಟುಡಿಯೋದಲ್ಲಿ ಸಿಕ್ಕಿದ ಫೈಲ್ ಏಜೆಂಟ್‌ಗೆ ಸಿಗದಿರುವುದಕ್ಕೆ ಇದೂ ಒಂದು ಕಾರಣ.

ತಕ್ಷಣದ ದಾರಿ, ಹೊಸ ಯಂತ್ರದಲ್ಲೂ ಹಳೆಯ ಹಾದಿಯನ್ನೇ ಸೃಷ್ಟಿಸುವುದು. ‘ಡಿ’ ಡ್ರೈವ್ ಇಲ್ಲದಿದ್ದರೆ ಅದಾಗದು. ಆಗ ಪರೋಕ್ಷ ಕಾನ್ಫಿಗರೇಶನ್ ಬಳಸಿ: ಹಾದಿಯನ್ನು ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿಟ್ಟು, ಕಾನ್ಫಿಗರೇಶನ್ ಫೈಲಿನ ಜಾಗ ಆ ವೇರಿಯಬಲ್‌ನಲ್ಲಿದೆ ಎಂದು ಪ್ಯಾಕೇಜಿಗೆ ಹೇಳುವುದು. ಮುಂದೆ ಯಾವ ಯಂತ್ರಕ್ಕೆ ಹೋದರೂ ಪ್ಯಾಕೇಜ್ ತೆರೆಯಬೇಕಿಲ್ಲ. ವೇರಿಯಬಲ್ ಸಿಸ್ಟಂ ಮಟ್ಟದ್ದೇ ಆಗಿರಬೇಕು. ನೀವು ಲಾಗಿನ್ ಆದ ಖಾತೆಯದಾದರೆ ಏಜೆಂಟ್‌ಗೆ ಅದು ಇಲ್ಲದ ಹಾಗೆಯೇ. ವೇರಿಯಬಲ್ ಸೇರಿಸಿದ ಮೇಲೆ ಏಜೆಂಟ್ ಸರ್ವಿಸ್ ರೀಸ್ಟಾರ್ಟ್ ಮಾಡಿ. ಓಡುತ್ತಿರುವ ಪ್ರೋಸೆಸ್ ತಾನು ಶುರುವಾದಾಗ ಪಡೆದ ಪಟ್ಟಿಯನ್ನೇ ಇಟ್ಟುಕೊಂಡಿರುತ್ತದೆ.

ರಿಜಿಸ್ಟ್ರಿ ಬಗೆಯ ಕಾನ್ಫಿಗರೇಶನ್ ಬಳಸಿದ ಪ್ಯಾಕೇಜ್ ಇದ್ದರೆ ಅದಕ್ಕೂ ಇದೇ ಗತಿ. ಅದು ಓದುವುದು ಕರೆಂಟ್ ಯೂಸರ್ ಶಾಖೆಯನ್ನು. ನಿಮ್ಮ ಖಾತೆಯಲ್ಲಿ ಸೇರಿಸಿದ್ದು ಸರ್ವಿಸ್ ಖಾತೆಗೆ ಕಾಣುವುದಿಲ್ಲ.

ರಾತ್ರಿಪಾಳಿ

ಇಷ್ಟೆಲ್ಲ ಯಾಕೆ? ಜಾಬ್ ಸ್ಟೆಪ್‌ನ ಕಾನ್ಫಿಗರೇಶನ್ಸ್ ಟ್ಯಾಬ್‌ನಲ್ಲಿ ಹೊಸ ಫೈಲ್ ಸೇರಿಸಿದರೆ, ಇಲ್ಲವೇ ಡಿಟಿಎಕ್ಸೆಕ್‌ನ ಸೆಟ್ ಆಯ್ಕೆಯಿಂದ ಸರ್ವರ್ ಹೆಸರು ಕೊಟ್ಟರೆ ಆಯಿತಲ್ಲ.

ಕೀಲಿಕೈ

ಇವತ್ತು ಆಗುತ್ತದೆ, ನಾಳೆ ಕೆಡುತ್ತದೆ. 2008ರಿಂದ ಈಚೆಗೆ ಡಿಟಿಎಕ್ಸೆಕ್ ಕೆಲಸ ಮಾಡುವ ಕ್ರಮ ನೋಡಿ. ಮೊದಲು ಪ್ಯಾಕೇಜಿನೊಳಗೆ ಹೇಳಿರುವ ಕಾನ್ಫಿಗರೇಶನ್‌ಗಳು, ಆಮೇಲೆ ಕಮಾಂಡ್ ಲೈನ್‌ನಲ್ಲಿ ಕೊಟ್ಟವು, ಅದಾದ ಮೇಲೆ ಪ್ಯಾಕೇಜಿನೊಳಗಿನವು *ಮತ್ತೊಮ್ಮೆ*. ಕೊನೆಯಲ್ಲಿ ಪೇರೆಂಟ್ ಪ್ಯಾಕೇಜಿನಿಂದ (ಇದನ್ನು ಕರೆದು ಓಡಿಸುವ ಪ್ಯಾಕೇಜಿನಿಂದ) ಬರುವ ವೇರಿಯಬಲ್‌ಗಳು. ಅಂದರೆ ಒಂದೇ ಪ್ರಾಪರ್ಟಿಯನ್ನು ಎರಡೂ ಕಡೆ ಹೇಳಿದ್ದರೆ ಗೆಲ್ಲುವುದು ಪ್ಯಾಕೇಜಿನೊಳಗಿನದು. 2005ರಲ್ಲಿ ಈ ಎರಡನೇ ಸುತ್ತು ಇರಲಿಲ್ಲ, ಅದಕ್ಕೇ ಹಳಬರು ಸೆಟ್ ಆಯ್ಕೆಯನ್ನು ಇನ್ನೂ ನಂಬುತ್ತಾರೆ.

ಸಾಲುಕಂಬ ಅವರ ಯಂತ್ರದಲ್ಲಿ ಹಳೆಯ ಹಾದಿಯೇ ಇಲ್ಲದ ಕಾರಣ ಜಾಬ್‌ನಲ್ಲಿ ಕೊಟ್ಟ ಮೌಲ್ಯ ಉಳಿದುಕೊಳ್ಳುತ್ತದೆ. ಮುಂದೆ ಯಾರಾದರೂ ಆ ಹಾದಿಯಲ್ಲಿ ಹಳೆಯ ಫೈಲ್ ತಂದಿಟ್ಟರೆ ಆ ಕ್ಷಣದಿಂದ ಜಾಬ್‌ನ ಮೌಲ್ಯಕ್ಕೆ ಬೆಲೆಯಿಲ್ಲ. ಸೆಟ್ ಬಳಸಲೇಬೇಕಾದರೆ, ಕಾನ್ಫಿಗರೇಶನ್ ಎಲ್ಲಿದೆ ಎಂಬುದನ್ನು ಬದಲಿಸಲು ಬಳಸಿ. ಎರಡನೇ ಸುತ್ತಿನಲ್ಲಿ ಹೊಸ ಜಾಗದಿಂದಲೇ ಓದುತ್ತದೆ.

ಅಡಿಟಿಪ್ಪಣಿ

ಎಸ್‌ಕ್ಯುಎಲ್ ಟೇಬಲ್‌ನಲ್ಲಿ ಕಾನ್ಫಿಗರೇಶನ್ ಇಟ್ಟವರಿಗೆ ಎರಡು ಮಾತು.

ಆ ಟೇಬಲ್ ಓದಲು ಬಳಸುವ ಕನೆಕ್ಷನ್ ಮ್ಯಾನೇಜರೇ ಹಳೆಯ ಸರ್ವರ್‌ನತ್ತ ತೋರಿಸುತ್ತಿದ್ದರೆ ಉಳಿದದ್ದೆಲ್ಲ ಹಳೆಯದೇ ಬರುತ್ತದೆ. ಆದ್ದರಿಂದ ಕಾನ್ಫಿಗರೇಶನ್ ಪಟ್ಟಿಯಲ್ಲಿ ಮೊದಲು ಎಕ್ಸ್‌ಎಂಎಲ್ ಫೈಲಿನಿಂದಲೋ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದಲೋ ಆ ಒಂದು ಕನೆಕ್ಷನ್ ಹೊಂದಿಸಬೇಕು, ಟೇಬಲ್ ಸಾಲುಗಳು ಅದರ ಕೆಳಗಿರಬೇಕು. ಮೇಲಿನಿಂದ ಕೆಳಕ್ಕೆ ಅನ್ವಯವಾಗುವುದರಿಂದ ಪಟ್ಟಿಯ ಕ್ರಮವೇ ಮುಖ್ಯ.

ಇನ್ನೊಂದು, ವಿಝಾರ್ಡ್ ಸೃಷ್ಟಿಸುವ ಟೇಬಲ್‌ನಲ್ಲಿ ಮೌಲ್ಯದ ಕಾಲಂ 255 ಅಕ್ಷರಗಳದ್ದು. ಹೊಸ ಸರ್ವರ್‌ಗೆ ಫೇಲ್‌ಓವರ್ ಪಾರ್ಟ್ನರ್, ಎನ್‌ಕ್ರಿಪ್ಶನ್ ಆಯ್ಕೆ, ಉದ್ದದ ಅಪ್ಲಿಕೇಶನ್ ಹೆಸರು ಎಲ್ಲ ಸೇರಿಸಿದ ಕನೆಕ್ಷನ್ ಸ್ಟ್ರಿಂಗ್ ಅದರಲ್ಲಿ ಹಿಡಿಯದಿರಬಹುದು. ಕಾಲಂ ದೊಡ್ಡದು ಮಾಡಿ.

ಇದಲ್ಲದೆ 80012017 ಕಂಡರೆ ಅದು ಫೈಲ್ ಸಿಗದ ಸಮಸ್ಯೆಯಲ್ಲ. ಕಾನ್ಫಿಗರೇಶನ್ ಹೆಸರಿಸುವ ಕನೆಕ್ಷನ್ ಅಥವಾ ವೇರಿಯಬಲ್ ಪ್ಯಾಕೇಜಿನಲ್ಲಿಲ್ಲ ಎಂದರ್ಥ. ಯಾರೋ ಕನೆಕ್ಷನ್ ಮ್ಯಾನೇಜರ್‌ಗೆ ಹೊಸ ಹೆಸರಿಟ್ಟಿರುತ್ತಾರೆ, ಅದರ ಹೆಸರಿನಲ್ಲೇ ಹಳೆಯ ಸರ್ವರ್ ಹೆಸರಿದ್ದರಂತೂ ಇದು ಆಗಿಯೇ ಆಗುತ್ತದೆ. ಒಂದೇ ಫೈಲನ್ನು ಹಲವು ಪ್ಯಾಕೇಜ್‌ಗಳು ಹಂಚಿಕೊಂಡಿದ್ದು, ಒಂದರಲ್ಲಿ ಆ ಕನೆಕ್ಷನ್ ಬೇಕಿಲ್ಲದಿದ್ದರೂ ಇದೇ ವಾರ್ನಿಂಗ್ ಬರುತ್ತದೆ. ಅಲ್ಲಿ ಅಪಾಯವಿಲ್ಲ. ಆದರೆ ಇಂಥ ನಿರಪಾಯದ ವಾರ್ನಿಂಗ್‌ಗಳ ಕಾಟಕ್ಕೇ ಜನ ಆ ಸಪ್ರೆಸ್ ಪ್ರಾಪರ್ಟಿಯನ್ನು ‘ಟ್ರೂ’ ಮಾಡುವುದು, ನಿಜವಾದದ್ದೂ ಅದರ ಜೊತೆ ಮುಚ್ಚಿಹೋಗುವುದು. ಫೈಲನ್ನು ಕನೆಕ್ಷನ್‌ಗೆ ಒಂದರಂತೆ ಒಡೆದರೆ ಎರಡೂ ತಪ್ಪುತ್ತವೆ.

ಸಾಲುಕಂಬ

ಕೊಂಡಿ ಅವರೇ, ಆ ಪ್ಯಾಕೇಜಿನಲ್ಲಿ ಅದು ‘ಟ್ರೂ’ ಆಗಿಯೇ ಇತ್ತು. ಎನ್ವಿರಾನ್‌ಮೆಂಟ್ ವೇರಿಯಬಲ್ ಮೂಲಕ ಪರೋಕ್ಷ ಕಾನ್ಫಿಗರೇಶನ್ ಹಾಕಿದ ಮೇಲೆ ‘ಇ’ ಗುಂಪು ಹೊಸ ಸರ್ವರ್‌ಗೇ ಬರೆಯುತ್ತಿದೆ. ಈಗ 18456. ಅದರ ಮೇಲಿನ ಸಾಲಿನಲ್ಲಿ ರಕ್ಷಿತ ಎಕ್ಸ್‌ಎಂಎಲ್ ನೋಡ್ ಡಿಕ್ರಿಪ್ಟ್ ಆಗಲಿಲ್ಲ, 8009000ಬಿ ಎಂದಿದೆ.

ಕೊಂಡಿ

ಹಾಗಾದರೆ ಮೂಲ ಆ ಮೇಲಿನ ಸಾಲು, 18456 ಅದರ ಪರಿಣಾಮ. ಪ್ಯಾಕೇಜಿನ ಪ್ರೊಟೆಕ್ಷನ್ ಲೆವೆಲ್ ಡಿಫಾಲ್ಟ್ ಆಗಿ ಎನ್‌ಕ್ರಿಪ್ಟ್ ಸೆನ್ಸಿಟಿವ್ ವಿತ್ ಯೂಸರ್ ಕೀ. ಪಾಸ್‌ವರ್ಡ್ ಅನ್ನು ಪ್ಯಾಕೇಜ್ ಉಳಿಸಿದವರ ವಿಂಡೋಸ್ ಪ್ರೊಫೈಲ್‌ನ ಕೀಲಿಯಿಂದ ಮುಚ್ಚಿಡಲಾಗುತ್ತದೆ. ಬೇರೆ ಖಾತೆ ತೆರೆದಾಗ ಪ್ಯಾಕೇಜ್ ತೆರೆದುಕೊಳ್ಳುತ್ತದೆ, ಆದರೆ ಪಾಸ್‌ವರ್ಡ್ ಖಾಲಿ. ಖಾಲಿ ಪಾಸ್‌ವರ್ಡ್‌ನಿಂದ ಎಸ್‌ಕ್ಯುಎಲ್ ಲಾಗಿನ್ ಬಿದ್ದುಹೋಗುತ್ತದೆ. ಪ್ಯಾಕೇಜ್ ಬರೆದವರೇ ವಿಷುವಲ್ ಸ್ಟುಡಿಯೋದಲ್ಲಿ ಓಡಿಸಿದರೆ ಯಾವತ್ತೂ ಸರಿಯಾಗಿಯೇ ಓಡುತ್ತದೆ.

ನನ್ನ ಸಲಹೆ ಡೋಂಟ್ ಸೇವ್ ಸೆನ್ಸಿಟಿವ್. ಪ್ಯಾಕೇಜಿನಲ್ಲಿ ಯಾವ ಗುಟ್ಟೂ ಬೇಡ, ಪಾಸ್‌ವರ್ಡ್ ಕಾನ್ಫಿಗರೇಶನ್‌ನಿಂದ ಬರಲಿ. ಗಮನಿಸಬೇಕಾದ್ದು: ವಿಝಾರ್ಡ್ ಕಾನ್ಫಿಗರೇಶನ್ ಫೈಲ್ ಬರೆಯುವಾಗ ಪಾಸ್‌ವರ್ಡನ್ನು ಅದರಲ್ಲಿ ಬರೆಯುವುದಿಲ್ಲ, ಕೈಯಿಂದಲೇ ಸೇರಿಸಬೇಕು. ಮುಂದೆ ಯಾರಾದರೂ ವಿಝಾರ್ಡ್‌ನಿಂದ ಆ ಫೈಲನ್ನು ಹೊಸದಾಗಿ ಬರೆಸಿದರೆ ಸೇರಿಸಿದ್ದು ಹೋಗುತ್ತದೆ. ಫೈಲಿನಲ್ಲಿ ಅದು ಬರಿಗಣ್ಣಿಗೆ ಕಾಣುವ ಪಠ್ಯವಾದ್ದರಿಂದ, ಏಜೆಂಟ್ ಅಥವಾ ಪ್ರಾಕ್ಸಿ (ಜಾಬ್ ಸ್ಟೆಪ್ ಓಡಿಸಲು ಏಜೆಂಟ್ ಬಳಸುವ ಬೇರೆ) ಖಾತೆ ಮತ್ತು ನಿರ್ವಾಹಕರಿಗೆ ಮಾತ್ರ ಓದುವ ಅನುಮತಿ ಇರಲಿ.

ಪ್ಯಾಕೇಜ್‌ಗಳು ಬಹಳ ಇದ್ದರೆ ಒಂದೊಂದೇ ತೆರೆಯಬೇಕಿಲ್ಲ. ಪ್ಯಾಕೇಜ್ ಫೈಲ್‌ಗಳನ್ನು ನಿರ್ವಹಿಸುವ ಕಮಾಂಡ್ ಲೈನ್ ಪ್ರೋಗ್ರಾಂ ಡಿಟಿಯುಟಿಲ್‌ನ ಎನ್‌ಕ್ರಿಪ್ಟ್ ಆಯ್ಕೆಗೆ ಹಂತದ ಸಂಖ್ಯೆ ಕೊಡಬಹುದು: 0 ಎಂದರೆ ಗುಟ್ಟುಗಳನ್ನು ತೆಗೆದುಹಾಕು, 2 ಎಂದರೆ ಗುಟ್ಟುಗಳನ್ನು ಪಾಸ್‌ವರ್ಡ್‌ನಿಂದ ಮುಚ್ಚು, 3 ಎಂದರೆ ಇಡೀ ಪ್ಯಾಕೇಜನ್ನು ಪಾಸ್‌ವರ್ಡ್‌ನಿಂದ ಮುಚ್ಚು. 2 ಬಳಸಿ ಒಳಗಿನ ಪಾಸ್‌ವರ್ಡ್‌ಗಳನ್ನು ಉಳಿಸಿಕೊಳ್ಳಬೇಕಾದರೆ, ಮೂಲತಃ ಉಳಿಸಿದ ಖಾತೆಯಲ್ಲೇ ಆದೇಶ ಓಡಿಸಬೇಕು. ಆ ಖಾತೆ ಈಗಿಲ್ಲವಾದರೆ ಒಳಗಿನ ಪಾಸ್‌ವರ್ಡ್ ಹೋದಂತೆಯೇ, ಹೊಸದಾಗಿ ತುಂಬಬೇಕು.

ಅದಕ್ಕಿಂತ ಒಳ್ಳೆಯದು, ಸಾಧ್ಯವಿರುವ ಕಡೆಯೆಲ್ಲ ವಿಂಡೋಸ್ ಅಥೆಂಟಿಕೇಶನ್‌ಗೆ ಬಂದುಬಿಡುವುದು. ಆಗ ಮುಚ್ಚಿಡಲು ಏನೂ ಉಳಿಯುವುದಿಲ್ಲ.

ಅಡಿಟಿಪ್ಪಣಿ

18456 ಕಂಡಾಗ ಪ್ಯಾಕೇಜಿನ ಲಾಗ್ ನೋಡಿ ಊಹಿಸುತ್ತ ಕೂರಬೇಡಿ. ಲಾಗಿನ್ ನಿರಾಕರಿಸಿದ ಸರ್ವರ್‌ನ ಎರರ್ ಲಾಗ್‌ನಲ್ಲಿ ಸ್ಟೇಟ್ ಸಂಖ್ಯೆ ಇರುತ್ತದೆ. ಕೇಳಿದವರಿಗೆ ಕಾಣುವ ಸಂದೇಶದಲ್ಲಿ ಅದನ್ನು ಬೇಕೆಂದೇ 1 ಎಂದು ತೋರಿಸುತ್ತಾರೆ. 5 ಇದ್ದರೆ ಆ ಲಾಗಿನ್ ಹೊಸ ಸರ್ವರ್‌ನಲ್ಲಿ ಇಲ್ಲವೇ ಇಲ್ಲ. 8 ಇದ್ದರೆ ಪಾಸ್‌ವರ್ಡ್ ಹೊಂದುತ್ತಿಲ್ಲ. 38 ಇದ್ದರೆ ಕೇಳಿದ ಡೇಟಾಬೇಸ್ ತೆರೆಯಲಾಗಲಿಲ್ಲ, ಹೆಸರು ತಪ್ಪಿರಬಹುದು, ಅನುಮತಿ ಇಲ್ಲದಿರಬಹುದು.

ನೀವು ಡೇಟಾಬೇಸ್ ರಿಸ್ಟೋರ್ ಮಾಡಿದ್ದೀರಿ. ಲಾಗಿನ್‌ಗಳು ಮಾಸ್ಟರ್ ಡೇಟಾಬೇಸ್‌ನಲ್ಲಿರುವುದರಿಂದ ಅವು ಜೊತೆಗೆ ಬರುವುದಿಲ್ಲ. ಹೊಸದಾಗಿ ಅದೇ ಹೆಸರಿನ ಲಾಗಿನ್ ಸೃಷ್ಟಿಸಿದರೆ ಅದರ ಎಸ್‌ಐಡಿ (ಸರ್ವರ್ ಲಾಗಿನ್‌ಗೆ ಕೊಡುವ ಒಳಗಿನ ಗುರುತು) ಬೇರೆ, ಡೇಟಾಬೇಸ್‌ನೊಳಗಿನ ಯೂಸರ್ ಅನಾಥ. ಆಲ್ಟರ್ ಯೂಸರ್ ಆದೇಶದಲ್ಲಿ ವಿತ್ ಲಾಗಿನ್ ಎಂದು ಹೊಸ ಲಾಗಿನ್ ಹೆಸರು ಕೊಟ್ಟರೆ ಎರಡೂ ಕೂಡಿಕೊಳ್ಳುತ್ತವೆ. ಲಾಗಿನ್‌ಗಳು ಬಹಳ ಇದ್ದರೆ ಮೈಕ್ರೋಸಾಫ್ಟ್ ಕೊಡುವ ಎಸ್‌ಪಿ ಹೆಲ್ಪ್ ರೆವ್‌ಲಾಗಿನ್ ಪ್ರೊಸೀಜರ್‌ನಿಂದ ಎಸ್‌ಐಡಿ, ಪಾಸ್‌ವರ್ಡ್ ಹ್ಯಾಶ್ ಸಮೇತ ಸ್ಕ್ರಿಪ್ಟ್ ತೆಗೆಯಿರಿ.

ರಾತ್ರಿಪಾಳಿ

80040154 ಬಗ್ಗೆ ನಾನು ಹೇಳುತ್ತೇನೆ. ಅದಕ್ಕೆ ಇಲ್ಲಿ ಎರಡು ಬೇರೆ ಬೇರೆ ಮೂಲಗಳಿರಬಹುದು, ಬೆರೆಸಬೇಡಿ.

ಎಕ್ಸೆಲ್: ವಿಷುವಲ್ ಸ್ಟುಡಿಯೋ 2019 ಸ್ವತಃ 32 ಬಿಟ್ ಪ್ರೋಗ್ರಾಂ (64 ಬಿಟ್ ಆದದ್ದು 2022ರಲ್ಲಿ). ಏಜೆಂಟ್ ಡಿಫಾಲ್ಟ್ ಆಗಿ ಪ್ಯಾಕೇಜನ್ನು 64 ಬಿಟ್‌ನಲ್ಲಿ ಓಡಿಸುತ್ತದೆ. ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಎಕ್ಸೆಲ್ ಓದುವ ಹಳೆಯ ಡ್ರೈವರ್ ಜೆಟ್ 4.0 ಇದ್ದರೆ ಅದಕ್ಕೆ 64 ಬಿಟ್ ರೂಪವೇ ಇಲ್ಲ, ಜಾಬ್ ಸ್ಟೆಪ್‌ನಲ್ಲಿ 32 ಬಿಟ್ ರನ್‌ಟೈಮ್ ಆಯ್ಕೆಯನ್ನು ಗುರುತು ಮಾಡಬೇಕು. ಅದರ ನಂತರದ ಡ್ರೈವರ್ ಎಸಿಇ 12.0 ಇದ್ದರೆ, 64 ಬಿಟ್‌ನ ಆಕ್ಸೆಸ್ ಡೇಟಾಬೇಸ್ ಎಂಜಿನ್ ಹಾಕಿ ಆ ಗುರುತಿಲ್ಲದೆಯೂ ಓಡಿಸಬಹುದು. ಆದರೆ ಅದೇ ಯಂತ್ರದಲ್ಲಿ 32 ಬಿಟ್ ಆಫೀಸ್ ಇದ್ದರೆ ಇನ್‌ಸ್ಟಾಲರ್ ತಕರಾರು ಮಾಡುತ್ತದೆ. ಸರ್ವರ್ ಮೇಲೆ ಆಫೀಸ್ ಇರಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವಿಷುವಲ್ ಸ್ಟುಡಿಯೋದ ರನ್ 64 ಬಿಟ್ ರನ್‌ಟೈಮ್ ಪ್ರಾಪರ್ಟಿಯನ್ನು ಬದಲಿಸಿದರೆ ಜಾಬ್ ಮೇಲೆ ಯಾವ ಪರಿಣಾಮವೂ ಇಲ್ಲ, ಅದು ಡೀಬಗ್ ಮಾಡುವಾಗಿನದು ಮಾತ್ರ.

ನೇಟಿವ್ ಕ್ಲೈಂಟ್: 2008 ಆರ್2 ಕಾಲದ ಕನೆಕ್ಷನ್ ಸ್ಟ್ರಿಂಗ್‌ಗಳಲ್ಲಿ ಪ್ರೊವೈಡರ್ (ಸರ್ವರ್‌ಗೆ ಸಂಪರ್ಕ ಕೊಡುವ ಡ್ರೈವರ್) ಎಸ್‌ಕ್ಯುಎಲ್‌ಎನ್‌ಸಿಎಲ್‌ಐ10, ಅಂದರೆ ನೇಟಿವ್ ಕ್ಲೈಂಟ್, ಎಂದಿರುತ್ತದೆ. ಹೊಸ ಯಂತ್ರದಲ್ಲಿ ಅದು ಇರುವುದಿಲ್ಲ. ಅಪ್‌ಗ್ರೇಡ್ ವಿಝಾರ್ಡ್ ಪ್ಯಾಕೇಜಿನೊಳಗಿನ ಪ್ರೊವೈಡರ್ ಹೆಸರನ್ನು ಬದಲಿಸಿಕೊಡುತ್ತದೆ. ಆದರೆ ಓಡುವಾಗ ಕಾನ್ಫಿಗರೇಶನ್ ಫೈಲಿನ ಹಳೆಯ ಸ್ಟ್ರಿಂಗ್ ಬಂದು ಅದರ ಮೇಲೆ ಕೂರುತ್ತದೆ. ಪ್ಯಾಕೇಜ್ ತೆರೆದು ನೋಡಿದರೆ ಎಲ್ಲ ಸರಿಯಿದೆ, ಓಡಿಸಿದರೆ ಕ್ಲಾಸ್ ನಾಟ್ ರಿಜಿಸ್ಟರ್ಡ್. ಕಾನ್ಫಿಗರೇಶನ್ ಫೈಲ್‌ಗಳಲ್ಲೂ, ಎಕ್ಸ್‌ಪ್ರೆಶನ್‌ಗಳಲ್ಲೂ ಆ ಹೆಸರನ್ನು ಹುಡುಕಿ ಬದಲಿಸಿ.

ಬದಲಿಸುವುದಾದರೆ ನೇರವಾಗಿ ಎಂಎಸ್‌ಒಎಲ್‌ಇಡಿಬಿಎಸ್‌ಕ್ಯುಎಲ್‌ಗೇ ಹೋಗಿ, ಎಸ್‌ಕ್ಯುಎಲ್‌ಎನ್‌ಸಿಎಲ್‌ಐ11 ಬೇಡ. 2022ರಿಂದ ನೇಟಿವ್ ಕ್ಲೈಂಟ್ ಎಸ್‌ಕ್ಯುಎಲ್ ಸರ್ವರ್ ಜೊತೆ ಬರುವುದಿಲ್ಲ. ಎಂಎಸ್‌ಒಎಲ್‌ಇಡಿಬಿಎಸ್‌ಕ್ಯುಎಲ್‌ನ 19ನೇ ಆವೃತ್ತಿಯಲ್ಲಿ ಎನ್‌ಕ್ರಿಪ್ಶನ್ ಡಿಫಾಲ್ಟ್ ಆಗಿ ಕಡ್ಡಾಯ. ಸರ್ಟಿಫಿಕೇಟ್ ನಂಬಲರ್ಹವಲ್ಲ ಎಂಬ ಸಂದೇಶ ಬಂದರೆ ಸರ್ವರ್‌ಗೆ ಸರಿಯಾದ ಸರ್ಟಿಫಿಕೇಟ್ ಹಾಕಿಸಿ. ಟ್ರಸ್ಟ್ ಸರ್ವರ್ ಸರ್ಟಿಫಿಕೇಟ್ ಎಂದು ಒತ್ತಿ ಮುಂದೆ ಹೋಗುವುದು ಸುಲಭ, ಆದರೆ ಅದು ಎದುರಿನ ಸರ್ವರ್ ಯಾರೆಂದು ಪರಿಶೀಲಿಸುವುದನ್ನೇ ಬಿಟ್ಟುಬಿಡುತ್ತದೆ.

ಸಾಲುಕಂಬ

ಎಕ್ಸೆಲ್‌ನವು ಜೆಟ್ ಆಗಿದ್ದವು, 32 ಬಿಟ್ ಗುರುತು ಮಾಡಿದ ಮೇಲೆ ಓಡಿದವು. ಒಂದು ಮಾತ್ರ ಫೈಲ್ ಹಾದಿ ಸರಿಯಿಲ್ಲ ಎನ್ನುತ್ತಿದೆ. ಹಾದಿ ‘ಝಡ್’ ಡ್ರೈವ್, ಸರ್ವರ್‌ಗೆ ಲಾಗಿನ್ ಆಗಿ ನೋಡಿದರೆ ಫೈಲ್ ಕಾಣುತ್ತದೆ.

ಕೊಂಡಿ

ಮ್ಯಾಪ್ ಮಾಡಿದ ಡ್ರೈವ್ ನಿಮ್ಮ ಸೆಷನ್‌ಗೆ ಸೇರಿದ್ದು, ಸರ್ವಿಸ್‌ಗೆ ಅಲ್ಲ. ಎರಡು ಬ್ಯಾಕ್‌ಸ್ಲ್ಯಾಷ್‌ನಿಂದ ಶುರುವಾಗುವ ಪೂರ್ಣ ನೆಟ್‌ವರ್ಕ್ ಹಾದಿ ಕೊಡಿ. ಜಾಬ್ ಸ್ಟೆಪ್ ಓಡಿಸುವ ಖಾತೆಗೆ (ಪ್ರಾಕ್ಸಿ ಇದ್ದರೆ ಪ್ರಾಕ್ಸಿಯ ಖಾತೆಗೆ) ಶೇರ್ ಮತ್ತು ಫೋಲ್ಡರ್ ಎರಡರಲ್ಲೂ ಅನುಮತಿ ಬೇಕು.

ಸಾಲುಕಂಬ

ಸರಿಹೋಯಿತು. ಮುಂದಿನ ಹಂತವಾಗಿ ಎಲ್ಲವನ್ನೂ ಎಸ್‌ಎಸ್‌ಐಎಸ್‌ಡಿಬಿ ಕೆಟಲಾಗ್‌ಗೆ (ಪ್ಯಾಕೇಜ್‌ಗಳನ್ನು ಸರ್ವರ್‌ನಲ್ಲೇ ಇಡುವ ಡೇಟಾಬೇಸ್‌ಗೆ) ಒಯ್ಯಬೇಕೆಂದಿದೆ. ಇದೇ ಸಾಗಣೆಯ ಜೊತೆಗೇ ಮಾಡಬಹುದೇ?

ರಾತ್ರಿಪಾಳಿ

ಮಾಡಿ. ಇಷ್ಟು ದುರಸ್ತಿಯೆಲ್ಲ ಹಳೆಯ ಮಾದರಿಗೆ ಮಾಡಿದ್ದೇ ಹೆಚ್ಚಾಯಿತು. ಕೆಟಲಾಗ್ ಬಳಸುವ ಪ್ರಾಜೆಕ್ಟ್ ಡಿಪ್ಲಾಯ್‌ಮೆಂಟ್ ಮಾದರಿಯಲ್ಲಿ ಡಿಟಿಎಸ್‌ಕಾನ್ಫಿಗ್ (ಎಕ್ಸ್‌ಎಂಎಲ್ ಕಾನ್ಫಿಗರೇಶನ್) ಫೈಲ್‌ಗಳ ಕಾಟವೇ ಇಲ್ಲ. ಕಡ್ಡಾಯ ಎಂದು ಗುರುತಿಸಿದ ಪ್ಯಾರಾಮೀಟರ್‌ಗೆ ಸರ್ವರ್‌ನಲ್ಲಿ ಮೌಲ್ಯ ಕೊಡದಿದ್ದರೆ ಪ್ಯಾಕೇಜ್ ಓಡುವುದೇ ಇಲ್ಲ. ನೀವು ಕಂಡ ‘ಇ’ ತೊಂದರೆಗೆ ಅದೇ ಮದ್ದು. ಸರ್ವರ್ ಹೆಸರು, ಡೇಟಾಬೇಸ್ ಹೆಸರು ಹೊತ್ತ ಪ್ರತಿ ಪ್ಯಾರಾಮೀಟರನ್ನೂ ಕಡ್ಡಾಯ ಮಾಡಿ.

ಕೀಲಿಕೈ

ಕೆಟಲಾಗ್ ಒಳ್ಳೆಯದು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ, ಹೊತ್ತು ಇದಲ್ಲ. ಸರ್ವರ್, ಆವೃತ್ತಿ, ಡ್ರೈವರ್, ಖಾತೆ ನಾಲ್ಕೂ ಬದಲಾದ ಹೊತ್ತಿನಲ್ಲಿ ಡಿಪ್ಲಾಯ್‌ಮೆಂಟ್ ಮಾದರಿಯನ್ನೂ ಬದಲಿಸಿದರೆ, ತೊಂದರೆ ಎಲ್ಲಿಂದ ಬಂತೆಂದು ಬೇರ್ಪಡಿಸುವುದು ಕಷ್ಟ. ಈಗಿರುವಂತೆ ಒಂದು ತಿಂಗಳ ಕೊನೆಯ ಲೆಕ್ಕ ಮುಗಿಯಲಿ, ಆಮೇಲೆ ಮಾಡಿ.

ಮಾಡುವಾಗ ಎಡವುವ ಜಾಗಗಳನ್ನು ಈಗಲೇ ಹೇಳಿಬಿಡುತ್ತೇನೆ. ಕೆಟಲಾಗ್‌ಗೆ ಕಳಿಸುವ ಪ್ರಾಜೆಕ್ಟ್ ಕಟ್ಟು, ಅಂದರೆ ಐಎಸ್‌ಪಿಎಸಿ ಫೈಲಿನಲ್ಲಿ, ಪ್ಯಾಕೇಜ್ ಮತ್ತು ಪ್ಯಾರಾಮೀಟರ್‌ಗಳು ಬರುತ್ತವೆ. ಎನ್ವಿರಾನ್‌ಮೆಂಟ್ (ಕೆಟಲಾಗ್‌ನಲ್ಲಿ ಪ್ಯಾರಾಮೀಟರ್‌ಗಳಿಗೆ ಕೊಡುವ ಮೌಲ್ಯಗಳ ಗುಂಪು), ಅದರ ವೇರಿಯಬಲ್‌ಗಳು ಬರುವುದಿಲ್ಲ, ಪ್ರಾಜೆಕ್ಟ್‌ಗೂ ಎನ್ವಿರಾನ್‌ಮೆಂಟ್‌ಗೂ ಇರುವ ರೆಫರೆನ್ಸ್ ಸಹ ಬರುವುದಿಲ್ಲ. ಅವನ್ನು ಬೇರೆಯಾಗಿ ಸ್ಕ್ರಿಪ್ಟ್ ಮಾಡಬೇಕು.

ಅದಕ್ಕಿಂತ ಹೆಚ್ಚು ಕಾಡುವುದು ಜಾಬ್. ಕೆಟಲಾಗ್ ಪ್ಯಾಕೇಜ್ ಓಡಿಸುವ ಜಾಬ್ ಸ್ಟೆಪ್ ತನ್ನೊಳಗೆ ಎರಡು ಸಂಗತಿ ಇಟ್ಟುಕೊಂಡಿರುತ್ತದೆ: ಸರ್ವರ್ ಹೆಸರು ಮತ್ತು ಎನ್ವಿರಾನ್‌ಮೆಂಟ್ ರೆಫರೆನ್ಸ್‌ನ ಸಂಖ್ಯೆ. ಹೆಸರಲ್ಲ, ಸಂಖ್ಯೆ. ಜಾಬನ್ನು ಸ್ಕ್ರಿಪ್ಟ್ ಮಾಡಿ ಇನ್ನೊಂದು ಸರ್ವರ್‌ಗೆ ಒಯ್ದಾಗ ಅಲ್ಲಿ ಆ ಸಂಖ್ಯೆ ಇರದಿದ್ದರೆ ಎರರ್ ಬರುತ್ತದೆ, ಅದು ನಮ್ಮ ಅದೃಷ್ಟ. ಅದೇ ಪ್ರಾಜೆಕ್ಟ್‌ನ ಬೇರೊಂದು ಎನ್ವಿರಾನ್‌ಮೆಂಟ್‌ಗೆ ಅದೇ ಸಂಖ್ಯೆ ಬಿದ್ದಿದ್ದರೆ ತಪ್ಪು ಮೌಲ್ಯಗಳಿಂದ ಓಡುತ್ತದೆ. ಸರ್ವರ್ ಹೆಸರು ಹಳೆಯದೇ ಉಳಿದರೆ, ಹೊಸ ಯಂತ್ರದ ಜಾಬ್ ಹಳೆಯ ಯಂತ್ರದ ಕೆಟಲಾಗ್‌ನಲ್ಲಿರುವ ಪ್ಯಾಕೇಜನ್ನು ಅಲ್ಲೇ ಓಡಿಸುತ್ತದೆ, ಹಸಿರು ಗುರುತೂ ತೋರಿಸುತ್ತದೆ. ಜಾಬ್ ಸ್ಕ್ರಿಪ್ಟ್‌ನಲ್ಲಿ ಸಂಖ್ಯೆಯನ್ನು ಬರೆದಿಡುವ ಬದಲು, ಕೆಟಲಾಗ್‌ನ ಎನ್ವಿರಾನ್‌ಮೆಂಟ್ ರೆಫರೆನ್ಸಸ್ ವ್ಯೂನಿಂದ ಹೆಸರಿನ ಮೂಲಕ ಹುಡುಕಿ ತುಂಬುವಂತೆ ಬರೆಯಿರಿ.

ಅಡಿಟಿಪ್ಪಣಿ

ಎಸ್‌ಎಸ್‌ಐಎಸ್‌ಡಿಬಿಯನ್ನೇ ಬ್ಯಾಕಪ್‌ನಿಂದ ಬೇರೆ ಸರ್ವರ್‌ಗೆ ಒಯ್ಯುವವರು ಅದರ ಮಾಸ್ಟರ್ ಕೀಯ (ಸೆನ್ಸಿಟಿವ್ ಮೌಲ್ಯಗಳನ್ನು ರಕ್ಷಿಸುವ ಕೀಲಿಯ) ಬ್ಯಾಕಪ್ ಅಥವಾ ಪಾಸ್‌ವರ್ಡ್ ಜೊತೆಗಿಟ್ಟುಕೊಂಡೇ ಹೊರಡಬೇಕು. ಹೊಸ ಸರ್ವರ್‌ನಲ್ಲಿ ಸಿಎಲ್‌ಆರ್ (ಸರ್ವರ್‌ನೊಳಗೆ ಡಾಟ್‌ನೆಟ್ ಕೋಡ್ ಓಡಿಸುವ ಸೌಲಭ್ಯ) ಸಕ್ರಿಯವಾಗಿರಬೇಕು. ರಿಸ್ಟೋರ್ ಆದ ಮೇಲೆ ಮಾಸ್ಟರ್ ಕೀಯನ್ನು ಪಾಸ್‌ವರ್ಡ್‌ನಿಂದ ತೆರೆದು, ಅದಕ್ಕೆ ಹೊಸ ಸರ್ವರ್‌ನ ಸರ್ವಿಸ್ ಮಾಸ್ಟರ್ ಕೀಯ ರಕ್ಷಣೆ ಸೇರಿಸಬೇಕು. ಇದನ್ನು ಬಿಟ್ಟರೆ ಬರುವುದೇ ಮಾಸ್ಟರ್ ಕೀ ತೆರೆಯಿರಿ ಎನ್ನುವ ಎರರ್ 15581. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ, ಹಳೆಯ ಸರ್ವರ್ ಇನ್ನೂ ಓಡುತ್ತಿರುವಾಗಲೇ ಅಲ್ಲಿ ಬ್ಯಾಕಪ್ ಮಾಸ್ಟರ್ ಕೀ ಆದೇಶ ಕೊಟ್ಟು ಹೊಸ ಪಾಸ್‌ವರ್ಡ್‌ನೊಂದಿಗೆ ಫೈಲ್ ತೆಗೆದುಕೊಳ್ಳಿ. ಆ ಯಂತ್ರ ಹೋದ ಮೇಲೆ ಸೆನ್ಸಿಟಿವ್ ಮೌಲ್ಯಗಳನ್ನು ಓದುವ ದಾರಿಯಿಲ್ಲ.

ಕೆಟಲಾಗ್‌ನಲ್ಲಿ ತೊಂದರೆ ಹುಡುಕುವಾಗ ಜಾಬ್ ಹಿಸ್ಟರಿ ಬಿಟ್ಟು ಇವೆಂಟ್ ಮೆಸೇಜಸ್ ವ್ಯೂ ನೋಡಿ: ಮೆಸೇಜ್ ಟೈಪ್ 120 ಎಂದರೆ ಎರರ್, 110 ಎಂದರೆ ವಾರ್ನಿಂಗ್. ಎಕ್ಸಿಕ್ಯೂಷನ್ ಪ್ಯಾರಾಮೀಟರ್ ವ್ಯಾಲ್ಯೂಸ್ ವ್ಯೂನಲ್ಲಿ ಆ ಓಟಕ್ಕೆ ನಿಜವಾಗಿ ಯಾವ ಸರ್ವರ್ ಹೆಸರು ಹೋಯಿತೆಂಬುದೇ ದಾಖಲಾಗಿರುತ್ತದೆ. ನನಗೆ ಕೆಟಲಾಗ್ ಇಷ್ಟವಾಗುವುದು ಇದೊಂದೇ ವ್ಯೂಗಾಗಿ ಅಂದರೂ ಸರಿ.

ಸಾಲುಕಂಬ

ಕೀಲಿಕೈ ಅವರ ಮಾತಿನಂತೆ ಕೆಟಲಾಗ್ ಮುಂದಕ್ಕೆ ಹಾಕಿದ್ದೇವೆ. ಹಳೆಯ ಸರ್ವರ್ ಆಫ್ ಮಾಡುವ ಮೊದಲು, ಯಾವ ಪ್ಯಾಕೇಜೂ ಇನ್ನು ಅದನ್ನು ಮುಟ್ಟುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಕೀಲಿಕೈ

ಡಿಸೈನರ್‌ನಲ್ಲಿ ಸೃಷ್ಟಿಸಿದ ಕನೆಕ್ಷನ್ ಸ್ಟ್ರಿಂಗ್‌ಗಳಲ್ಲಿ ಸಾಮಾನ್ಯವಾಗಿ ಅಪ್ಲಿಕೇಶನ್ ಹೆಸರು ‘ಎಸ್‌ಎಸ್‌ಐಎಸ್’ ಎಂದು ಶುರುವಾಗುತ್ತದೆ, ಮುಂದೆ ಪ್ಯಾಕೇಜಿನ ಹೆಸರಿರುತ್ತದೆ. ಹಳೆಯ ಸರ್ವರ್‌ನಲ್ಲಿ ಲಾಗಿನ್ ಇವೆಂಟ್ ಹಿಡಿಯುವ ಒಂದು ಎಕ್ಸ್‌ಟೆಂಡೆಡ್ ಇವೆಂಟ್ಸ್ ಸೆಷನ್ ಇಡಿ, 2008 ಆರ್2ನಲ್ಲಿ ಆ ಇವೆಂಟ್ ಸಿಗದಿದ್ದರೆ ಪ್ರೊಫೈಲರ್‌ನ ಆಡಿಟ್ ಲಾಗಿನ್ ಟ್ರೇಸ್. ಅದರಲ್ಲಿ ಹೋಸ್ಟ್ ಹೆಸರು, ಅಪ್ಲಿಕೇಶನ್ ಹೆಸರು, ಲಾಗಿನ್ ಹೆಸರು ಸಾಕು. ಹೋಸ್ಟ್ ಹೊಸ ಸರ್ವರ್ ಆಗಿರುವ ಸಾಲು ಬಂದರೆ ಅಪ್ಲಿಕೇಶನ್ ಹೆಸರೇ ಪ್ಯಾಕೇಜನ್ನು ಹಿಡಿದುಕೊಡುತ್ತದೆ. ಸೆಷನ್‌ಗಳ ಡಿಎಂವಿ (ಸರ್ವರ್‌ನ ಈ ಕ್ಷಣದ ಸ್ಥಿತಿ ತೋರಿಸುವ ವ್ಯೂ) ಒಂದನ್ನೇ ನೋಡಿದರೆ ಆ ಕ್ಷಣ ಸಂಪರ್ಕದಲ್ಲಿರುವವು ಮಾತ್ರ ಕಾಣುತ್ತವೆ, ರಾತ್ರಿ ಕೆಲವೇ ಸೆಕೆಂಡು ಓಡುವ ಪ್ಯಾಕೇಜ್ ತಪ್ಪಿಹೋಗುತ್ತದೆ.

ಕನಿಷ್ಠ ಒಂದು ತಿಂಗಳ ಕೊನೆ ದಾಟುವವರೆಗೆ ಆ ಸೆಷನ್ ಅಥವಾ ಟ್ರೇಸ್ ಓಡಲಿ. ಸಾಲುಗಳು ನಿಂತ ಮೇಲೆಯೂ ಮೊದಲು ಹಳೆಯ ಡೇಟಾಬೇಸ್‌ಗಳನ್ನು ರೀಡ್ ಓನ್ಲಿ ಮಾಡಿ. ಉಳಿದುಕೊಂಡ ಪ್ಯಾಕೇಜ್ ಯಾವುದಾದರೂ ಇದ್ದರೆ ಬರೆಯಲಾಗದೆ 3906 ಎಂದು ನಿಲ್ಲುತ್ತದೆ, ಯಾವುದೆಂದು ಜಾಬ್ ಹಿಸ್ಟರಿಯಲ್ಲಿ ಗೊತ್ತಾಗುತ್ತದೆ. ಯಂತ್ರ ಆಫ್ ಮಾಡುವುದು ಅದಾದ ಮೇಲೆ.